ಓದದೆ ಇಟ್ಟ ಲಕೋಟೆ

"ಗ್ರಂಥಪಾಲಕರು ಇಲ್ವಾ?"

"ನಾನೇ."

ಪುಸ್ತಕಗಳಿಗೆ ರಟ್ಟು ಕಟ್ಟುವವನು ಅವಳನ್ನೊಮ್ಮೆ, ಅವಳು ಕೂತಿದ್ದ ಕುರ್ಚಿಯನ್ನೊಮ್ಮೆ ನೋಡಿದ. ಆ ಕುರ್ಚಿಯಲ್ಲಿ ಅದುವರೆಗೆ ಹೆಂಗಸು ಕೂತದ್ದಿಲ್ಲ. ಬೆಳಗಿನಿಂದ ಬಂದವರೆಲ್ಲ ಇದೇ ಪ್ರಶ್ನೆ ಕೇಳಿ, ಮೂಗು ಮುರಿದು ಹೋಗಿದ್ದರು. ಇವನೂ ಅಷ್ಟೇ ಎಂದುಕೊಂಡು ಅವಳು ತಲೆ ತಗ್ಗಿಸಿದಳು.

"ಕುರ್ಚಿ ಕುಂಟ್ತಿದೆ ಮೇಡಂ. ಸ್ವಲ್ಪ ಏಳಿ," ಎಂದವನೇ ರಟ್ಟಿನ ಚೂರು ಮಡಿಸಿ ಕಾಲಿನಡಿ ಇಟ್ಟ. "ಈಗ ನೆಮ್ಮದಿಯಾಗಿ ಕೂತ್ಕೊಳ್ಳಿ."

ಅಂದು ಅವಳಿಗೆ ಮೊದಲ ಸಲ ನಗು ಬಂತು.

ಆಮೇಲೆ ಎರಡು ವರ್ಷ, ಪ್ರತಿ ಸೋಮವಾರ ಹರಿದ ಪುಸ್ತಕಗಳ ಕಟ್ಟನ್ನು ಅವಳೇ ಅವನ ಕೈಗಿಡುತ್ತಿದ್ದಳು. ಜವಾನನಿದ್ದರೂ ಅವಳೇ. ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳುವ ಧೈರ್ಯ ಮಾತ್ರ ಬರಲಿಲ್ಲ.

ಅಂಥವನು ಒಂದು ಸೋಮವಾರದ ನಂತರ ಬರಲೇ ಇಲ್ಲ. ಅಂದು ಹೆಂಗಸರ ಓದುಕೋಣೆ ತೆರೆಯುವ ಗಡಿಬಿಡಿ; ಅದಕ್ಕಾಗಿ ಅವಳು ಯಾರ್ಯಾರ ಬಾಗಿಲೋ ಬಡಿದಿದ್ದಳು. ಕಟ್ಟನ್ನು ಜವಾನನ ಕೈಲಿ ಕೊಡಿಸಿದ್ದಳು. ಅಷ್ಟಕ್ಕೇ ಮುನಿಸೇ? ಒಂದು ಮಾತೂ ಹೇಳದೆ ಹೋದನಲ್ಲ... ಕಪಾಟುಗಳ ನಡುವೆ ನಿಂತು ಅತ್ತಳು. ಕಣ್ಣೊರೆಸಿಕೊಂಡು ಮತ್ತೆ ಕುರ್ಚಿಗೆ ಹೋಗಿ ಕೂತಳು.

ಹಾಗೆ ಮೂವತ್ತೊಂದು ವರ್ಷ ಕೂತಳು. ಅವಳ ಕೈಕೆಳಗೆ ಕಲಿತ ಹುಡುಗಿಯರು ಬೇರೆ ಬೇರೆ ಊರುಗಳಲ್ಲಿ ಅಂಥ ಕುರ್ಚಿಗಳನ್ನೇರಿದರು. ಅವಳ ಮನೆಯಲ್ಲಿ ಮಾತ್ರ ಊಟಕ್ಕೆ ಒಂದೇ ತಟ್ಟೆ.

ನಿವೃತ್ತಿಯ ದಿನ ಮೇಜಿನ ಖಾನೆ ಖಾಲಿ ಮಾಡಬೇಕಿತ್ತು. ಅದರ ತುಂಬ ಅಂಟಿಸಿಟ್ಟ ಲಕೋಟೆಗಳು. ಪುಸ್ತಕಗಳಲ್ಲಿ ಸಿಕ್ಕ ಕಾಗದಗಳನ್ನು ಯಾರೂ ಓದಕೂಡದು, ಲಕೋಟೆಯಲ್ಲಿ ಹಾಕಿ ಅಂಟಿಸಿ, ತಾರೀಕು ಬರೆದಿಡಬೇಕು. ಇದು ಅವಳೇ ಮಾಡಿದ ನಿಯಮ. ಹೆಂಗಸರು ಓದಿದ ಪುಸ್ತಕಗಳಲ್ಲಿ ಚೀಟಿ ಹುಡುಕುವ ಗಂಡಸರ ಕಾಟಕ್ಕೆ ಮಾಡಿದ್ದು.

ಒಂದು ಲಕೋಟೆಯ ಮೇಲೆ ಅವಳದೇ ಅಕ್ಷರ: 'ರಟ್ಟು ಕಟ್ಟಿ ಬಂದ ಪುಸ್ತಕದಲ್ಲಿ ಸಿಕ್ಕಿದ್ದು.' ತಾರೀಕು, ಆ ಸೋಮವಾರಕ್ಕೆ ಮೂರು ದಿನ ಮುಂಚಿನದು.

ಮೊದಲ ಸಲ ಅವಳು ತನ್ನ ನಿಯಮ ಮುರಿದಳು.

"ನಿಮ್ಮೆದುರು ಮಾತು ಹೊರಡುವುದಿಲ್ಲ. ನನ್ನನ್ನು ಮದುವೆಯಾಗುವ ಮನಸ್ಸಿದ್ದರೆ ಸೋಮವಾರ ಕಟ್ಟನ್ನು ನಿಮ್ಮ ಕೈಯಾರೆ ಕೊಡಿ. ಜವಾನ ಕೊಟ್ಟರೆ ಇಲ್ಲವೆಂದು ತಿಳಿದುಕೊಳ್ಳುತ್ತೇನೆ. ಮತ್ತೆ ತೊಂದರೆ ಕೊಡುವುದಿಲ್ಲ."

ನನ್ನ ಕೈಯಾರೆ ನಾನೇ ಅಂಟಿಸಿಟ್ಟೆನಲ್ಲ...

ಕಾಗದದ ಕೊನೆಯಲ್ಲಿದ್ದ ವಿಳಾಸ ಹಿಡಿದು ಹೊರಟಳು. ಅವಳು ಕಾದು ಆರಿಸಿಕೊಂಡದ್ದು ಸೋಮವಾರವನ್ನೇ. ಅವನ ತಮ್ಮನ ಮಗಳು ಬಾಗಿಲು ತೆರೆದಳು.

"ದೊಡ್ಡಪ್ಪಂಗೆ ಕಣ್ಣು ಹೋಗಿ ಆರು ವರ್ಷ ಆಯ್ತು. ಒಂಟಿ ಜೀವ, ನಮ್ಮ ಜೊತೆನೇ ಇದಾರೆ."

ಕಿಟಕಿಯ ಬಳಿ ಕೂತಿದ್ದವನ ಕೈಗೆ ಅವಳು ಗ್ರಂಥಾಲಯದಿಂದ ತಂದ ಹಳೆಯ ಪುಸ್ತಕಗಳ ಕಟ್ಟು ಇಟ್ಟಳು. ಅವನ ಬೆರಳು ರಟ್ಟಿನ ಅಂಚನ್ನು ನಿಧಾನವಾಗಿ ತಡವಿತು.

"ಇದು ನಾನು ಕಟ್ಟಿದ್ದು... ಯಾರು ತಂದಿದ್ದು? ಜವಾನನಾ?"

"ನಾನೇ."

ಅವನ ಕೈ ಅಲ್ಲೇ ನಿಂತಿತು.

"ನಿಮ್ಮ ಚೀಟಿ ಮೊನ್ನೆ ಓದಿದೆ," ಎಂದಳು. "ಅಂದು ಬಿಚ್ಚೇ ಇರ್ಲಿಲ್ಲ."

ಅವನ ಕಾಣದ ಕಣ್ಣು ತುಂಬಿ ಬಂತು.

"ನಾನೂ ಬಾಯಿಬಿಟ್ಟು ಕೇಳ್ಬೇಕಿತ್ತು... ಇದರ ಹೊಲಿಗೆ ಬಿಟ್ಟಿದೆ ಮೇಡಂ. ನನಗೆ ಕಣ್ಣು ಕಾಣಲ್ಲ."

"ಸೂಜಿಗೆ ದಾರ ನಾನು ಪೋಣಿಸ್ಕೊಡ್ತೀನಿ."

"ಸೋಮವಾರ ಸೋಮವಾರ ಬರ್ತೀರಾ?"

"ಇಲ್ಲ," ಎಂದು ಅವನ ಕೈ ಹಿಡಿದಳು. "ದಿನಾ."