ಕಂಪ್ಯೂಟರ್ ಹೊರಗೆ ಬರಲಿಲ್ಲ

ಜರ್ಮನಿಯವನೋ ಇಂಗ್ಲೆಂಡಿನವನೋ ಇರಬೇಕೆಂದುಕೊಂಡು ಸಾರಿಕಾ ಎಷ್ಟೋ ತಿಂಗಳು ಅವನಿಗೆ ‘ರೆಸ್ಪೆಕ್ಟೆಡ್ ಸರ್’ ಎಂದೇ ಇಮೇಲ್ ಬರೆದಿದ್ದಳು. ಅವನ ಮೇಲ್‌ಗಳ ಕೆಳಗೆ ಬರೀ ‘ಎಂ.ಡಿ.’ ಎಂದಿರುತ್ತಿತ್ತು.

ಹಲವು ದೇಶದವರು ಸಂಬಳವಿಲ್ಲದೆ ಸೇರಿ ಬರೆಯುತ್ತಿದ್ದ ಪುಟ್ಟ ಬ್ರೌಸರ್ ಅದು. ಯಾರು ಬೇಕಾದರೂ ಅದರ ಕೋಡ್ ತೆರೆದು ತಿದ್ದಬಹುದಿತ್ತು. ನಿಪ್ಪಾಣಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದ ಸಾರಿಕಾ ಅದನ್ನು ಅಲ್ಲಿನ ಓಬೀರಾಯನ ಕಾಲದ ವಿಂಡೋಸ್ ಮಷಿನ್‌ಗಳಿಗೆ ಒಗ್ಗಿಸಲು ಹಟ ಹಿಡಿದಿದ್ದಳು. ದೊಡ್ಡ ಬ್ರೌಸರ್ ಹಾಕಿದರೆ ಅವು ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಎಂ.ಡಿ. ಅದೇ ಬ್ರೌಸರನ್ನು ಹೈಕು ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂಗೆ ಒಗ್ಗಿಸುತ್ತಿದ್ದ.

ಕೆಲಸ ಮುಗಿದ ಡೇಟಾವನ್ನು ಎಸೆಯುವ ಜಾಗಕ್ಕೆ ಸಾರಿಕಾ ತನ್ನ ಕೋಡಿನಲ್ಲಿ ‘ತಿಪ್ಪಿ’ ಎಂದು ಹೆಸರಿಟ್ಟಿದ್ದಳು. ಹೊರದೇಶದವರಿಗೆ ಏನು ತಿಳಿಯುತ್ತದೆ ಎಂಬ ಧೈರ್ಯ. ಅವರೂ ಅದೇನೋ ಟೆಕ್ನಿಕಲ್ ಶಬ್ದವೆಂದು ಒಪ್ಪಿಕೊಂಡಿದ್ದರು. ಒಂದು ದಿನ ಎಂ.ಡಿ.ಯ ಮೇಲ್ ಬಂತು. ಅಕ್ಷರ ಇಂಗ್ಲಿಷು, ಮಾತು ಅಪ್ಪಟ ಊರಿನದು.

‘ಮೇಡಂ, ನಿಮ್ಮ ತಿಪ್ಪಿ ತುಂಬಿ ಚೆಲ್ಲಾಕತ್ತೈತಿ. ಖಾಲಿ ಮಾಡೂದು ಮರ್ತೀರಿ.’

ಸಾರಿಕಾಳ ಕಿವಿ ಬಿಸಿಯಾಯಿತು. ‘ನೀವು ಯಾರು?’ ಎಂದು ಬರೆದಳು.

‘ಮಲ್ಲೇಶ ಧರೆಪ್ಪ. ಉಗಾರ ಖುರ್ದದಾಗ ಸಕ್ಕರಿ ಫ್ಯಾಕ್ಟರಿ ಕಂಪ್ಯೂಟರ್ ನೋಡ್ಕೋತೀನ್ರಿ. ನೀವು ಸರ್ ಅಂದ್ರ ಹಿತಾ ಅನಸ್ತಿತ್ತು, ಅದಕ್ಕ ಸುಮ್ಮನಿದ್ದೆ.’

ಸಿಟ್ಟು ಬಂತು. ಆಮೇಲೆ ಕ್ಲಾಸಿನ ಹುಡುಗಿಯರ ಎದುರೇ ನಗು ಬಂತು. ಭಾನುವಾರಗಳಂದು ಅವನು ಬೈಕು ಹತ್ತಿ ನಿಪ್ಪಾಣಿಗೆ ಬರತೊಡಗಿದ. ಕರೆಂಟು ಹೋದಾಗ ಮಾನಿಟರಿನ ಕಪ್ಪು ಗಾಜಿನಲ್ಲಿ ಅವನ ಕಣ್ಣು ತನ್ನ ಮೇಲೇ ಇರುವುದು ಅವಳಿಗೆ ಕಾಣುತ್ತಿತ್ತು.

“ಸ್ಕ್ರೀನ್ ನೋಡ್ರಿ.”

“ಕರೆಂಟ ಇಲ್ಲಲ್ರಿ.”

“ಮತ್ತ ಏನ್ ನೋಡಾಕತ್ತೀರಿ?”

“ಅದಕ್ಕ ಕರೆಂಟ ಬೇಕಾಗಿಲ್ರಿ.”

ಅವನೆಂದರೆ ಅವಳಿಗೆ ಜೀವ. ಆದರೆ ಅವಳು ಅಕ್ಕೋಳದವಳು, ಬೌದ್ಧರಾದ ದಲಿತರ ಮನೆಯವಳು. ಅವನು ಕಬ್ಬಿನ ಹೊಲವಿದ್ದ ದೊಡ್ಡ ಮನೆತನದವನು. ನಾಲ್ಕು ಜನರೆದುರು ಇವನು ನನ್ನ ಪಕ್ಕ ನಿಲ್ಲುತ್ತಾನೋ ಇಲ್ಲವೋ? ಅವಳಿಗೆ ಗೊತ್ತಾಗಬೇಕಿದ್ದದ್ದು ಅದೊಂದೇ.

ಹೊಸ ಆವೃತ್ತಿ ಬಿಡುಗಡೆಯಾಗುವ ವಾರ ಹೈಕುವಿನಲ್ಲಿ ಬ್ರೌಸರ್ ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿತು. ಹೈಕು ಇದ್ದದ್ದು ಮಲ್ಲೇಶನ ಮನೆಯ ಕಂಪ್ಯೂಟರಿನಲ್ಲಿ ಮಾತ್ರ. “ಮನಿಗೆ ಬರ್ರಿ” ಎಂದು ಅವನು ಫೋನ್ ಮಾಡಿದ. ಅವಳು ಬಸ್ಸು ಹತ್ತಿದಳು.

ಅವನ ತಾಯಿ ಚನ್ನವ್ವ ಬಾಗಿಲಲ್ಲೇ ನಿಂತು ನಗುತ್ತ ಕೇಳಿದಳು. “ಅಡ್ಡಹೆಸರ ಏನವ್ವಾ?”

“ಕಾಂಬಳೆ ರೀ. ನಾವು ಬೌದ್ಧರು.”

ನಗು ಅಲ್ಲಿಗೇ ನಿಂತಿತು. ದನಿ ಮಾತ್ರ ಬೆಲ್ಲದಂತೆಯೇ ಇತ್ತು. “ಒಳಗ ಭಾಳ ಸೆಕಿ. ಇಲ್ಲೇ ಕಟ್ಟಿ ಮ್ಯಾಲ ಕುಂದ್ರವ್ವಾ. ಮಲ್ಲೇಶ, ಕಂಪ್ಯೂಟರ್ ಹೊರಗ ತಾ.”

ಮಲ್ಲೇಶ ತಲೆ ತಗ್ಗಿಸಿ ಒಳಗೆ ಹೋದ. ವೈರು ಕೀಳುವ ಸದ್ದು ಕೇಳಿಸಿತು. ಮಾನಿಟರನ್ನು ಎದೆಗವಚಿಕೊಂಡು ಅವನು ಹೊಸ್ತಿಲಿಗೆ ಬಂದಾಗ ಸಾರಿಕಾ ಕಟ್ಟೆಯಿಂದ ಎದ್ದು ನಿಂತಿದ್ದಳು.

“ಬ್ರೌಸರ್ ಎಂಥಾ ಸಿಸ್ಟಂಗ ಬೇಕಾದ್ರೂ ಒಗ್ಗಸ್ತೀನಿ. ನಾ ಮಾತ್ರ ಈ ಕಟ್ಟಿಗೆ ಒಗ್ಗೂದಿಲ್ರಿ. ಹೊಂಟೆ.”

ಚಪ್ಪಲಿ ಮೆಟ್ಟಿ ಓಣಿಗೆ ಇಳಿದೇಬಿಟ್ಟಳು. ಹಿಂದೆ ದಪ್ಪೆಂದು ಏನೋ ಮೇಜಿನ ಮೇಲೆ ಕೂತ ಸದ್ದಾಯಿತು. ಮಲ್ಲೇಶ ಬರಿಗೈಯಲ್ಲಿ ಹೊರಗೆ ಬಂದ.

“ಅವ್ವಾ, ಕಂಪ್ಯೂಟರ್ ಹೊರಗ ಬರೂದಿಲ್ಲ. ಸಾರಿಕಾ ಒಳಗ ಬರ್ತಾಳ.”

“ಯಾರಂತ ಬರ್ಲಿ?” ಸಾರಿಕಾ ನಿಂತಲ್ಲಿಂದಲೇ ಕೇಳಿದಳು. “ರಿಪೇರಿ ಮಾಡಾಕಿ ಅಂತಾದ್ರ ಬ್ಯಾಡ.”

ಎದುರುಮನೆಯ ಜಕ್ಕಪ್ಪ ಟ್ರ್ಯಾಕ್ಟರ್ ತೊಳೆಯುವುದನ್ನು ಬಿಟ್ಟು ಇತ್ತ ತಿರುಗಿದ. ಮಲ್ಲೇಶ ಅವನನ್ನು ನೋಡಿದ. ಬೇಕೆಂತಲೇ ದನಿ ಎತ್ತರಿಸಿದ.

“ನಾ ಲಗ್ನಾ ಆಗ್ಬೇಕಂದಾಕಿ ಅಂತ! ಜಕ್ಕಪ್ಪಕಾಕಾ, ಕೇಳಿಸ್ತ? ಇಲ್ಲಂದ್ರ ಇನ್ನೊಮ್ಮಿ ಹೇಳ್ತೀನಿ!”

ಚನ್ನವ್ವ ಸೆರಗು ಕೊಡವಿದಳು. “ನಿಮ್ಮಪ್ಪ ಬರ್ಲಿ, ತಡಿ” ಎಂದು ಹಿತ್ತಲಿಗೆ ನಡೆದಳು.

“ಬರ್ಲಿ” ಎಂದ ಮಲ್ಲೇಶ.

ಸಾರಿಕಾ ಹೊಸ್ತಿಲು ದಾಟಿದಳು. ಮಲ್ಲೇಶ ಕಿತ್ತ ವೈರುಗಳನ್ನು ಮತ್ತೆ ಸಿಕ್ಕಿಸಿದ, ಅವಳು ಕಂಪ್ಯೂಟರಿನ ಮುಂದೆ ಕೂತಳು. ತಪ್ಪು ಸಿಗಲು ಹೊತ್ತು ಹಿಡಿಯಿತು. ವಿಂಡೋ ಸಿದ್ಧವಾಗುವ ಮೊದಲೇ ಅವನ ಕೋಡ್ ಅದರಲ್ಲಿ ಪೇಜ್ ಮೂಡಿಸಲು ಹೊರಟಿತ್ತು.

“ಇಷ್ಟ್ಯಾಕ ಅವಸರಾ ನಿಮಗ?”

“ಉಳಿದಿದ್ದಕ್ಕೆಲ್ಲಾ ತಡಾ ಮಾಡೇನಲ್ಲ.”

ತಿದ್ದಿದಳು. ಬ್ರೌಸರ್ ತೆರೆಯಿತು, ಮುಚ್ಚಲಿಲ್ಲ. ಅವಳು ಸ್ಕ್ರೀನ್ ಬಿಟ್ಟು ಅವನ ಕಡೆ ತಿರುಗಿದಳು.

“ಆಗ ಓಣಿಗೆ ಹೇಳಿದ್ರಿ. ಈಗ ನನಗ ಹೇಳ್ರಿ.”

ಮಲ್ಲೇಶ ಬಗ್ಗಿ, ಅವಳಿಗಷ್ಟೇ ಕೇಳುವಂತೆ ಹೇಳಿದ.

ಅಂಗಳದಲ್ಲಿ ಅವನ ಅಪ್ಪ ಧರೆಪ್ಪನ ಬೈಕು ಬಂದು ನಿಂತಿತು. ಹಿತ್ತಲಿನಿಂದ ಚನ್ನವ್ವ ಓಡಿ ಬಂದದ್ದೂ ಕೇಳಿಸಿತು. ಮಲ್ಲೇಶ ಇನ್ನೊಂದು ಕುರ್ಚಿ ಎಳೆದು ಅವಳಿಗೆ ಭುಜ ತಾಗಿಸಿ ಕೂತ.

“ಹೂಂ” ಎಂದಳು ಸಾರಿಕಾ. ಕುರ್ಚಿಯಿಂದ ಏಳಲಿಲ್ಲ.