ಕೊಸರು ಕೊಡದ ಅಂಗಡಿ

ಬಹಳ ಹಿಂದೆ, ಈಗ ಹೆಸರೂ ಉಳಿಯದ ಒಂದು ರಾಜ್ಯದಲ್ಲಿ, ದೊಡ್ಡ ಸರೋವರದ ದಂಡೆಗುಂಟ ಒಂದು ಅಂಗಡಿಬೀದಿ ಇತ್ತು. ಚಾಪೆ, ದೀಪ, ಬಳೆ, ಒಣಮೀನು, ಅಲ್ಲಿ ಸಿಗದ ವಸ್ತುವಿರಲಿಲ್ಲ. ಒಂದು ದಿನ ನೀರಿನ ಮೇಲಿಂದ ಮಂಜು ಬಂತು. ಮಂಜಿನ ಜೊತೆ ಮಬ್ಬಯ್ಯನೆಂಬ ಮಾಟಗಾರ ಬಂದು, ಎಲ್ಲರಂತೆ ಸರೋವರದ ನೀರು ಮುಟ್ಟಿ ಬೀದಿಯ ಕಟ್ಟಳೆಗೆ ಒಪ್ಪಿ, ಕೊನೆಗೆ ಅಂಗಡಿ ಹೂಡಿದ. ಅವನು ಮದ್ದು ಮಾರುತ್ತಿದ್ದ. ಬೆಲೆಯಾಗಿ ಜನರ ದನಿ ತೆಗೆದುಕೊಳ್ಳುತ್ತಿದ್ದ. ಬೀದಿ ಮೂಕವಾಯಿತು.

ಅಲ್ಲಿ ಮಂಡಕ್ಕಿ ಮಾರುತ್ತಿದ್ದ ಕೆಂಚವ್ವ, ಜ್ವರ ಬಂದು ಮಲಗಿದ್ದ ಅಣ್ಣ ಮೈಲಾರನಿಗಾಗಿ ತನ್ನ ದನಿ ಕೊಟ್ಟಳು. ಅಣ್ಣ ಎದ್ದ. ದನಿ ಕೊಟ್ಟವರು ಸೊರಗಿ ಸೊರಗಿ ಸಾಯುತ್ತಾರೆಂದು ಅವನಿಗೆ ಆಮೇಲೆ ತಿಳಿಯಿತು. ಆ ದನಿ ಬಿಡಿಸಿಕೊಳ್ಳಲು ತಂಗಿಯ ಕೈ ಹಿಡಿದು ಮಬ್ಬಯ್ಯನ ಅಂಗಡಿಗೆ ಹೊರಟ.

ಮಂಜಿನಲ್ಲಿ ಒಂದು ಅಂಗಡಿಗೆ ಏನಾದರೂ ಕೊಡದೆ ಮುಂದಿನ ಅಂಗಡಿ ಕಾಣುತ್ತಿರಲಿಲ್ಲ. ಮೊದಲು ಚಾಪೆಯಂಗಡಿ. ಆಳೆತ್ತರದ ಕೊಕ್ಕರೆಯೊಂದು ಅಲ್ಲಿ ಕೂತಿತ್ತು.

“ಏನು ಕೊಡ್ತೀಯ?”

“ಏನು ಬೇಕು?”

“ನಿನ್ನ ನಾಲಿಗೆಯ ರುಚಿ.”

ಕೊಟ್ಟ. ಬಾಯಿ ಮಣ್ಣು ಮೆದ್ದಂತಾಯಿತು.

ಆಮೇಲೆ ದೀಪದಂಗಡಿ. ಎಣ್ಣೆಯ ಕೊಪ್ಪರಿಗೆಯಿಂದ ಆಮೆ ತಲೆಯೆತ್ತಿತು.

“ಏನು ಕೊಡ್ತೀಯ?”

“ಏನು ಬೇಕು?”

“ನಿನ್ನ ಕಣ್ಣಿನ ಬಣ್ಣ.”

ಕೊಟ್ಟ. ತಂಗಿಯ ಕೆಂಪು ಸೀರೆ ಬೂದಿಯಂತೆ ಕಂಡಿತು. ಕೆಂಚವ್ವ ಅವನ ತೋಳು ಹಿಡಿದು ಹಿಂದಕ್ಕೆಳೆದಳು.

“ಬಿಡೇ, ಇಷ್ಟು ದೂರ ಬಂದಾಯ್ತು,” ಎಂದ ಮೈಲಾರ.

ಕೊನೆಗೆ ಮಬ್ಬಯ್ಯನ ಅಂಗಡಿ. ಗೋಡೆ ತುಂಬ ಬಾಯಿ ಕಟ್ಟಿದ ಗಡಿಗೆಗಳು. ಅವನು ರೇಷ್ಮೆ ದಿಂಬಿಗೆ ಒರಗಿದ್ದ.

“ದನಿಗೆ ದನಿ,” ಎಂದ. “ಅವಳದ್ದು ಒಯ್ಯು, ನಿನ್ನದು ಇಡು.”

ಮೈಲಾರ ಒಪ್ಪಿ ತಲೆಯಾಡಿಸಿದ. ಒಂದು ಗಡಿಗೆ ತೆರೆಯಿತು, ಒಂದು ಮುಚ್ಚಿತು. ಅವನು “ಕೆಂಚೀ” ಎನ್ನಲು ಬಾಯಿ ತೆರೆದ. ಉಸಿರು ಮಾತ್ರ ಬಂತು.

ಕೆಂಚವ್ವ ಅಲ್ಲಿಂದ ಅಲುಗಲಿಲ್ಲ. ಸೆರಗೊಡ್ಡಿ ನಿಂತಳು.

“ಧಣಿ, ಕೊಸರು ಹಾಕಿ.”

“ಏನದು?”

“ಅಳತೆ ಮುಗಿದ ಮೇಲೆ ಇನ್ನೊಂದು ಹಿಡಿ. ಈ ಬೀದಿಯಲ್ಲಿ ಕೊಂಡವರಿಗೆಲ್ಲ ಕೊಡ್ತಾರೆ.”

ಮಬ್ಬಯ್ಯ ನಕ್ಕ. “ಇಷ್ಟು ದಿನ ಒಬ್ಬರೂ ಕೇಳಲಿಲ್ಲವಲ್ಲ!”

“ನಿಮ್ಮ ದಿಂಬು ನೋಡಿ ನಾಚಿಕೊಂಡರು. ಎರಡೆಸಳು ಕೊತ್ತಂಬರಿಗೆ ಜಗಳ ಆಡೋ ಜನ, ದೊಡ್ಡವರ ಹತ್ತಿರ ಹೇಗೆ ಕೇಳೋದು ಅಂತ ಸುಮ್ಮನಾದರು. ನಾನು ಮಂಡಕ್ಕಿಯವಳು, ನನಗೆ ನಾಚಿಕೆಯಿಲ್ಲ. ಹಾಕಿ.”

“ಹಾಕೋದಿಲ್ಲ ಹೋಗೇ.”

“ಬೀದಿಯ ಕಟ್ಟಳೆಗೆ ಒಪ್ಪಿ, ಸರೋವರದ ನೀರು ಮುಟ್ಟಿಯೇ ಅಲ್ಲವಾ ಅಂಗಡಿ ಹಾಕಿದ್ದು? ಕೊಸರು ಇಲ್ಲ ಅಂದವನ ಸರಕು ಬೀದಿಯ ಪಾಲು.”

ಮಬ್ಬಯ್ಯ ಎದ್ದು ನಿಂತ. ಆಗಲೇ ಸರೋವರ ಮೆಟ್ಟಿಲು ಹತ್ತಿ ಹೊಸ್ತಿಲಿಗೆ ಬಂದಿತ್ತು. ನೀರು ತಾಗಿದ ಕಡೆಯೆಲ್ಲ ಅವನು ಹೊಗೆಯಾಗಿ ಕರಗಿದ. ಗಡಿಗೆಗಳು ಒಡೆದವು. ಕೊಕ್ಕರೆ ಮತ್ತೆ ಚಾಪೆಯವನಾಯಿತು, ಆಮೆ ಮತ್ತೆ ದೀಪದವಳಾಯಿತು. ಮೈಲಾರನ ರುಚಿ, ಬಣ್ಣ, ದನಿ ಮೂರೂ ಮರಳಿದವು. ಬೀದಿಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರು, ಅತ್ತರು, ಬೆಲೆ ಹೇಳಿದರು.

ಆ ಅಣ್ಣತಂಗಿ ಬಹುಕಾಲ ಸುಖವಾಗಿ ಬಾಳಿದರು. ಊರೂ ಬಾಳಿತು. ಆದರೆ ಕೆಲವು ದನಿಗಳಿಗೆ ಬಾಯಿ ಇರಲಿಲ್ಲ. ಅವುಗಳ ಒಡೆಯರು ಆಗಲೇ ಮಣ್ಣಾಗಿದ್ದರು. ಅವು ಸಂಜೆ ಬೀದಿಯಲ್ಲಿ ಸುಳಿದು, ತಮ್ಮ ತಮ್ಮ ಮನೆಯವರ ಹೆಸರು ಹಿಡಿದು ಕೂಗುತ್ತಿದ್ದವು. ಮನೆಯವರು ಬಾಗಿಲಿಗೆ ಬಂದು “ಹೂಂ” ಎನ್ನುತ್ತಿದ್ದರು.