ಒಂದು ಗೇಣು ಮೇಲಿದ್ದ ಶೆಲ್ಫು

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರೂ ಎರಡನೇ ಮಹಡಿಯ ಬಾಡಿಗೆ ಮನೆ ನೋಡಲು ಹೋದರು. ಅವಳು ಟೈಲರ್, ಅವನು ಬಡಗಿ. ಮದುವೆಗೆ ಹದಿನೆಂಟು ದಿನ. ಮನೆ ಹಿಡಿಸಿದರೆ ಅಲ್ಲೇ ಅಗ್ರಿಮೆಂಟಿಗೆ ಸಹಿ ಹಾಕುವುದೆಂದು ಮಾತಾಗಿತ್ತು.

ಅವಳು ಒಂದನ್ನೂ ಬಿಡಲಿಲ್ಲ. ನಲ್ಲಿ ತಿರುಗಿಸಿದಳು, ಗೋಡೆಗೆ ಅಂಗೈ ಇಟ್ಟು ತೇವ ನೋಡಿದಳು. ಬಚ್ಚಲ ಬಾಗಿಲು ಮಾತ್ರ ಎಷ್ಟು ಎಳೆದರೂ ಬರಲಿಲ್ಲ. ಅವನು ಮೊಣಕಾಲಿನಿಂದ ಒತ್ತಿ, ಹಿಡಿ ತುಸು ಮೇಲೆತ್ತಿದ. ತೆರೆದುಕೊಂಡಿತು.

"ನಿಂಗೆ ಹೇಗೆ ಗೊತ್ತು?"

"ಬಡಗಿ ಅಲ್ವೇನೆ ನಾನು?" ಎಂದವನು ಕಣ್ಣು ತಪ್ಪಿಸಿದ.

ಅಡುಗೆಮನೆಯಲ್ಲಿ ಒಂದು ಮರದ ಶೆಲ್ಫು. ದುಂಡಗೆ ಉಜ್ಜಿದ ಅಂಚು. ಅವಳ ಮೆಷಿನ್ ಟೇಬಲ್ಲಿಗೂ ಅವನು ಅದೇ ಅಂಚು ಕೊಟ್ಟಿದ್ದ. ತುದಿಗಾಲಲ್ಲಿ ನಿಂತು ಕೈಚಾಚಿದಳು. ಎಟುಕಲಿಲ್ಲ.

ಕೊರಳಿನ ಟೇಪು ತೆಗೆದು ನೆಲದಿಂದ ಹಿಡಿದಳು. ಹತ್ತು ವರ್ಷ ಹೆಂಗಸರ ಮೈಯಳತೆ ತೆಗೆದ ಕೈ ಅದು.

"ನನಗಿಂತ ಒಂದು ಗೇಣು ಎತ್ತರದವಳಿಗೆ ಮಾಡಿದ್ದು ಇದು. ಯಾರವಳು?"

ಅವನು ಗೋಡೆಗೊರಗಿದ. "ನಾಲ್ಕು ವರ್ಷದ ಹಿಂದೆ ಇದೇ ಮನೆ ನೋಡಿದ್ವಿ. ಅವಳ ಕೈಗೆ ಸಿಗ್ಲಿ ಅಂತ ಮಾಡಿದ್ದು. ಸಹಿ ಹಾಕೋ ದಿನ ಅವಳು ಬರ್ಲಿಲ್ಲ. ಬೇರೆಯವನನ್ನ ಮದುವೆಯಾದ್ಲು."

"ಚೆನ್ನಾಗಿದ್ಲಾ?"

"ಎತ್ತರ ಇದ್ಲು."

"ಅದನ್ನ ಕೇಳಿದ್ನಾ ನಾನು?"

"ಹೂಂ. ಚೆನ್ನಾಗಿದ್ಲು."

ಅವಳು ಟೇಪನ್ನು ಬೆರಳಿಗೆ ಬಿಗಿಯಾಗಿ ಸುತ್ತಿದಳು. "ಅವಳ ಮನೆಗೆ ನನ್ನ ಯಾಕೆ ಕರ್ಕೊಂಡು ಬಂದೆ?"

"ಇಪ್ಪತ್ತು ಮನೆ ನೋಡ್ದೆ ಕಣೇ. ಸಂಜೆ ತನಕ ಬೆಳಕು ಬೀಳೋ ಕಿಟಕಿ ಇಲ್ಲೊಂದೇ ಇರೋದು. ದಾರ ಪೋಣಿಸೋವಾಗ ಕಣ್ಣು ಕಿರಿದು ಮಾಡ್ತೀಯಲ್ಲ ನೀನು..."

ಅವಳು ಕಿಟಕಿಗೆ ಹೋದಳು. ದಾರ ಸುತ್ತಿ ಸೆರಗಿಗೆ ಚುಚ್ಚಿದ್ದ ಸೂಜಿ ತೆಗೆದಳು. ಮೊದಲ ಸಲಕ್ಕೇ ದಾರ ಸೂಜಿಯ ಕಣ್ಣಿಗೆ ಹೋಯಿತು. ಆದರೂ ಮುಖ ಸಡಿಲಲಿಲ್ಲ.

"ಆ ಶೆಲ್ಫು ಇಳಿಸು."

"ಒಂದು ಸ್ಟೂಲ್ ಮಾಡ್ಕೊಡ್ತೀನಿ, ಬಿಡೇ ಗಿಡ್ಡಿ."

"ಅವಳ ಎತ್ತರಕ್ಕೆ ನಾನು ಏರಲ್ಲ. ಅವಳೇ ಇಳೀಲಿ."

ಬಾಗಿಲಲ್ಲಿ ನಿಂತಿದ್ದ ಓನರಮ್ಮ ಕೈ ಅಡ್ಡ ಹಿಡಿದರು. "ಹೋದ ಸಲ ಇವನ ಮಾತು ನಂಬಿ ಶೆಲ್ಫಿಗೆ ಗೋಡೆ ಕೊಟ್ಟೆ, ಸಹಿಗೆ ಯಾರೂ ಬರ್ಲೇ ಇಲ್ಲ! ಈ ಸಲ ಸಹಿ ಮೊದಲು, ಸ್ಕ್ರೂ ಆಮೇಲೆ."

ಅವಳು ಅವರ ಕೈಯಿಂದ ಅಗ್ರಿಮೆಂಟ್ ಕಸಿದು, ಒಲೆಕಟ್ಟೆಯ ಮೇಲಿಟ್ಟು, ಪೆನ್ನು ಮುರಿಯುವಂತೆ ಒತ್ತಿ ಸಹಿ ಹಾಕಿದಳು. "ನಾನು ಬಂದಿದೀನಿ ಅಮ್ಮ. ಈಗ ಇಳಿಸ್ಲಿ."

ಅವನು ಸ್ಕ್ರೂ ಬಿಚ್ಚಿದ. ಶೆಲ್ಫು ನೆಲಕ್ಕಿಟ್ಟು, ಕಿವಿಯ ಮೇಲಿನ ಪೆನ್ಸಿಲ್ ತೆಗೆದ.

"ಕೈ ಎತ್ತು. ತುದಿಗಾಲು ಬೇಡ, ನೀನು ಹೇಗಿದ್ದೀಯೋ ಹಾಗೇ ನಿಲ್ಲು."

ಅವಳ ಕೈ ಹಿಡಿದು, ಬೆರಳ ತುದಿಗೆ ಗೋಡೆಯ ಮೇಲೆ ಗೀಟೆಳೆದ. ಗೀಟು ಮುಗಿದ ಮೇಲೂ ಕೈ ಬಿಡಲಿಲ್ಲ. ಅವಳೂ ಇಳಿಸಲಿಲ್ಲ.

ನಾಲ್ಕು ವರ್ಷದಿಂದ ಆ ಮನೆಯಲ್ಲಿದ್ದ ಎತ್ತರದವಳು ಹೊರಟುಹೋದದ್ದು ಆ ಬುಧವಾರ, ಹನ್ನೊಂದೂವರೆಗೆ.